ಅಪ್‌ಡೇಟ್ ಆದ ಮೇಲೆ ಏಳದ ಕಂಪ್ಯೂಟರ್: ಫಾರ್ಮ್ಯಾಟ್ ಮೊದಲ ಮದ್ದಲ್ಲ

ಜೂನ್ ತಿಂಗಳು, ಶಾಲೆ–ಕಾಲೇಜುಗಳ ದಾಖಲಾತಿಯ ಹೊತ್ತು. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಚಿಂಚೋಳಿಯ ಆನ್‌ಲೈನ್ ಸೆಂಟರ್‌ಗಳ ಮುಂದೆ ಬಾಗಿಲು ತೆರೆಯುವ ಮೊದಲೇ ಜನ ಪಾಳಿ ಹಚ್ಚಿರುತ್ತಾರೆ. ಒಬ್ಬರಿಗೆ ಜಾತಿ–ಆದಾಯ ಪ್ರಮಾಣಪತ್ರ ಬೇಕು, ಇನ್ನೊಬ್ಬರಿಗೆ ಬಿತ್ತನೆಯ ಸಾಲಕ್ಕೆ ಪಹಣಿ, ಮತ್ತೊಬ್ಬರಿಗೆ ಮಗಳ ವಿದ್ಯಾರ್ಥಿವೇತನದ ಅರ್ಜಿ. ಮಾಲೀಕ ಗುಂಡಿ ಒತ್ತುತ್ತಾನೆ. ಫ್ಯಾನ್ ತಿರುಗುತ್ತದೆ, ಕಂಪನಿಯ ಗುರುತು ಮೂಡುತ್ತದೆ, ಬಿಳಿ ಚುಕ್ಕೆಗಳು ಸುತ್ತುತ್ತವೆ. ರಾತ್ರಿ ಅಂಗಡಿ ಮುಚ್ಚುವಾಗ ‘ಅಪ್‌ಡೇಟ್ ನಡೆದಿದೆ, ಆಫ್ ಮಾಡಬೇಡಿ’ ಎಂದು ಪರದೆ ಹೇಳಿತ್ತು. ಈಗ ಚುಕ್ಕೆಗಳು ಸುತ್ತುತ್ತಲೇ ಇವೆ, ಆಮೇಲೆ ಪರದೆ ಕಪ್ಪಾಗುತ್ತದೆ, ಕಂಪ್ಯೂಟರ್ ತಾನಾಗಿ ಬಂದಾಗಿ ಮತ್ತೆ ಮೊದಲಿನಿಂದ ಶುರು. “ಅಣ್ಣಾ, ಇವತ್ತೇ ಲಾಸ್ಟ್ ಡೇಟ್ ಅದರಿ” ಎನ್ನುತ್ತದೆ ಪಾಳಿಯಲ್ಲಿದ್ದ ಒಂದು ದನಿ. ರಿಪೇರಿಯವನಿಗೆ ಫೋನ್ ಹೋಗುತ್ತದೆ. ಆ ಕಡೆಯಿಂದ ಬರುವ ಉತ್ತರ ಬಹುಮಟ್ಟಿಗೆ ಒಂದೇ: “ಫಾರ್ಮ್ಯಾಟ್ ಹೊಡೀಬೇಕಾಗ್ತದ್ರಿ.”

ಈ ಲೇಖನದ ತಕರಾರು ಆ ಉತ್ತರದ ಮೇಲೆ. ಅಪ್‌ಡೇಟ್ ಆದ ಮೇಲೆ ಏಳದೆ ಮಲಗಿದ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಕೆಟ್ಟಿರುವುದು ಬಹಳ ಚಿಕ್ಕ ಭಾಗ: ಒಂದು ಚಾಲಕ ತಂತ್ರಾಂಶ (ಡ್ರೈವರ್), ಒಂದು ಬೂಟ್ ಕಡತ, ಅರ್ಧಕ್ಕೆ ನಿಂತ ಒಂದು ಬದಲಾವಣೆ. ಮಾಲೀಕನ ದಾಖಲೆ, ಲೆಕ್ಕ, ಫೋಟೊ ಎಲ್ಲವೂ ಡಿಸ್ಕಿನ ಮೇಲೆ ಇದ್ದಲ್ಲೇ ಇರುತ್ತವೆ. ಫಾರ್ಮ್ಯಾಟ್ ಎಂಬುದು ಕೆಟ್ಟ ಚಿಕ್ಕ ಭಾಗವನ್ನು ಸರಿಪಡಿಸಲು ಕೆಡದೆ ಉಳಿದ ದೊಡ್ಡ ಭಾಗವನ್ನು ಅಳಿಸುವ ಕ್ರಮ. ಕೆಲವೊಮ್ಮೆ ಅದು ಬೇಕೇ ಆಗುತ್ತದೆ, ನಿಜ. ಆದರೆ ಎಲ್ಲ ದಾರಿ ಮುಗಿದ ಮೇಲೆ ಮಾಡಬೇಕಾದ್ದನ್ನು ಮೊದಲ ಫೋನಿನಲ್ಲೇ ತೀರ್ಮಾನಿಸುವುದು ನಮ್ಮ ಊರುಗಳಲ್ಲಿ ರೂಢಿಯಾಗಿಬಿಟ್ಟಿದೆ, ಮತ್ತು ಈ ರೂಢಿಯ ಬೆಲೆ ತೆರುವವರು ಕಂಪ್ಯೂಟರಿನ ಒಳಗನ್ನು ಅರಿಯದ ಜನ.

ಗುಂಡಿ ಒತ್ತಿದ ಮೇಲೆ

ಗುಂಡಿ ಒತ್ತುವುದಕ್ಕೂ ಡೆಸ್ಕ್‌ಟಾಪ್ ಕಾಣುವುದಕ್ಕೂ ನಡುವೆ ಕೆಲವೇ ಸೆಕೆಂಡುಗಳಿದ್ದರೂ ಅಲ್ಲಿ ನಡೆಯುವ ಕೆಲಸ ಒಬ್ಬರಿಂದ ಒಬ್ಬರಿಗೆ ಕೈ ಬದಲಾಗುತ್ತ ಹೋಗುತ್ತದೆ. ಮೊದಲು ಏಳುವುದು ಮದರ್‌ಬೋರ್ಡಿನ ಚಿಪ್ಪಿನಲ್ಲೇ ಇರುವ ಪುಟ್ಟ ತಂತ್ರಾಂಶ. ಹಳೆಯ ಕಂಪ್ಯೂಟರುಗಳಲ್ಲಿ ಅದು ಬಯಾಸ್, ಹೊಸದರಲ್ಲಿ ಯುಇಎಫ್‌ಐ. ರಿಪೇರಿ ಅಂಗಡಿಯಲ್ಲಿ ಎರಡಕ್ಕೂ ಬಯಾಸ್ ಎಂದೇ ಹೇಳುತ್ತಾರೆ. ರ‍್ಯಾಮ್ ಇದೆಯೇ, ಕೀಬೋರ್ಡ್ ಇದೆಯೇ, ಡಿಸ್ಕ್ ಸಿಗುತ್ತಿದೆಯೇ ಎಂದು ನೋಡಿಕೊಂಡು ಅದು ಡಿಸ್ಕಿನ ಒಂದು ಸಣ್ಣ, ಮರೆಯಾಗಿರುವ ಭಾಗದಲ್ಲಿರುವ ಬೂಟ್ ಮ್ಯಾನೇಜರ್‌ಗೆ ಕೆಲಸ ಒಪ್ಪಿಸುತ್ತದೆ. ಬೂಟ್ ಮ್ಯಾನೇಜರ್ ತನ್ನ ಪಟ್ಟಿ ನೋಡಿ ವಿಂಡೋಸ್ ಎಲ್ಲಿದೆ ಎಂದು ಹುಡುಕಿ ಅದರ ತಿರುಳನ್ನು ಮೆಮೊರಿಗೆ ಏರಿಸುತ್ತದೆ. ತಿರುಳಿನ ಜೊತೆಗೇ ಡಿಸ್ಕ್, ಪರದೆ, ನೆಟ್‌ವರ್ಕ್, ಆಂಟಿವೈರಸ್‌ಗಳ ಡ್ರೈವರ್‌ಗಳು ಏರುತ್ತವೆ. ಕೊನೆಗೆ ಪಾಸ್‌ವರ್ಡ್ ಕೇಳುವ ಪರದೆ. ನಿಮ್ಮ ಕಡತಗಳ ಸರದಿ ಬರುವುದು ಇದೆಲ್ಲ ಆದ ಮೇಲೆ. ಈ ಸರಪಳಿಯಲ್ಲಿ ಎಲ್ಲಿ ಕೊಂಡಿ ಕಳಚಿದರೂ ನೋಡುವವರಿಗೆ ‘ಚಾಲೂ ಆಗವಲ್ದು’ ಎಂಬುದೊಂದೇ ಕಾಣುತ್ತದೆ.

ಅಪ್‌ಡೇಟ್ ಕೈಹಾಕುವುದು ಇದೇ ಸರಪಳಿಗೆ. ಓಡುತ್ತಿರುವ ವಿಂಡೋಸ್ ತನ್ನ ಮುಖ್ಯ ಕಡತಗಳನ್ನು ತಾನೇ ಬದಲಿಸಿಕೊಳ್ಳಲಾರದು, ಏಕೆಂದರೆ ಅವು ಬಳಕೆಯಲ್ಲಿರುತ್ತವೆ. ಹಾಗಾಗಿ ಹೊಸ ಕಡತಗಳನ್ನು ಮೊದಲೇ ಇಳಿಸಿಕೊಂಡು, ಒಂದು ಕಡೆ ಜೋಡಿಸಿಟ್ಟು, ಬಂದಾಗುವಾಗ ಮತ್ತು ಮತ್ತೆ ಏಳುವಾಗ ಅದಲುಬದಲು ಮಾಡುತ್ತದೆ. ‘ಆಫ್ ಮಾಡಬೇಡಿ’ ಎಂಬ ಸಾಲು ಪರದೆಯ ಮೇಲೆ ಇರುವುದು ಈ ಹೊತ್ತಿಗಾಗಿ. ಅರ್ಧದಲ್ಲಿ ಕರೆಂಟ್ ಹೋದರೂ ಬಹಳ ಸಲ ವಿಂಡೋಸ್ ಮುಂದಿನ ಸಲ ಏಳುವಾಗ ಮಾಡಿದ್ದನ್ನೆಲ್ಲ ಹಿಂದಕ್ಕೆ ತಿರುಗಿಸಿ ಹಳೆಯ ಸ್ಥಿತಿಗೆ ಬರುತ್ತದೆ. ಅದನ್ನೂ ಪರದೆಯ ಮೇಲೆ ಹೇಳುತ್ತದೆ. ಹಳೆಯ, ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಈ ಹಿಮ್ಮುಖ ಕೆಲಸಕ್ಕೆ ತಾಸುಗಟ್ಟಲೆ ಬೇಕು. ಆಗ ತಾಳ್ಮೆಗೆಟ್ಟು ಗುಂಡಿಯನ್ನು ಒತ್ತಿಹಿಡಿದು ಆಫ್ ಮಾಡುವುದೇ ಎಷ್ಟೋ ಕಂಪ್ಯೂಟರುಗಳನ್ನು ನಿಜವಾಗಿ ಕೆಡಿಸುವ ಹೆಜ್ಜೆ. ಡಿಸ್ಕಿನ ದೀಪ ಮಿಣುಕುತ್ತಿರುವವರೆಗೆ ಒಳಗೆ ಏನೋ ನಡೆದಿದೆ ಎಂದು ತಿಳಿದು ಬಿಟ್ಟುಬಿಡಬೇಕು.

2024ರ ಜುಲೈ 19

ಚಿಕ್ಕ ಭಾಗ ಕೆಟ್ಟರೆ ಇಡೀ ಯಂತ್ರ ಮಲಗುತ್ತದೆ, ಆದರೂ ದಾಖಲೆಗಳು ಉಳಿಯುತ್ತವೆ ಎಂಬುದಕ್ಕೆ 2024ರ ಜುಲೈ 19ರ ಶುಕ್ರವಾರಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ. ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಭದ್ರತಾ ಕಂಪನಿ ನಮ್ಮ ಗಡಿಯಾರದ ಪ್ರಕಾರ ಬೆಳಿಗ್ಗೆ 9.39ಕ್ಕೆ ತನ್ನ ತಂತ್ರಾಂಶಕ್ಕೆ ಒಂದು ಸಣ್ಣ ಅಪ್‌ಡೇಟ್ ಕಳಿಸಿತು. ಅದರಲ್ಲಿದ್ದ ಒಂದು ಕಡತದಲ್ಲಿ ದೋಷವಿತ್ತು. 10.57ಕ್ಕೆ ಕಂಪನಿ ಅದನ್ನು ಹಿಂದಕ್ಕೆ ಪಡೆಯಿತು. ಆ 78 ನಿಮಿಷಗಳಲ್ಲಿ ಅದನ್ನು ಇಳಿಸಿಕೊಂಡ ವಿಂಡೋಸ್ ಕಂಪ್ಯೂಟರುಗಳು ಸುಮಾರು 85 ಲಕ್ಷ ಎಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು. ಒಂದೊಂದೂ ನೀಲಿ ಪರದೆ ತೋರಿಸಿ, ಬಂದಾಗಿ, ಮತ್ತೆ ಎದ್ದು, ಮತ್ತೆ ನೀಲಿ ಪರದೆಗೆ ಬರುತ್ತಿತ್ತು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಚೆಕ್‌ಇನ್ ವ್ಯವಸ್ಥೆ ನಿಂತು ಪ್ರಯಾಣಿಕರು ಉದ್ದುದ್ದ ಸಾಲಿನಲ್ಲಿ ಕಾದರು. ದೇಶದ ಕೆಲವು ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಿಂದ ಬರೆದು ಕೊಟ್ಟರು. ನಮ್ಮಲ್ಲಿ 10 ಬ್ಯಾಂಕ್ ಮತ್ತು ಹಣಕಾಸು ಸಂಸ್ಥೆಗಳಿಗೆ ಸಣ್ಣ ಅಡಚಣೆಯಾಯಿತೆಂದು ರಿಸರ್ವ್ ಬ್ಯಾಂಕ್ ತಿಳಿಸಿತು. ಸರ್ಕಾರಿ ಕಚೇರಿಗಳನ್ನು ಬೆಸೆಯುವ ಎನ್‌ಐಸಿ ಜಾಲಕ್ಕೆ ತೊಂದರೆಯಾಗಲಿಲ್ಲ ಎಂದು ಕೇಂದ್ರ ಸರ್ಕಾರ ಹೇಳಿತು.

ಆ ದಿನ ಜಗತ್ತಿನ ತಂತ್ರಜ್ಞರು ಮಾಡಿದ ಪರಿಹಾರವನ್ನು ಗಮನಿಸಬೇಕು. ಕಂಪ್ಯೂಟರನ್ನು ಸೇಫ್ ಮೋಡ್‌ನಲ್ಲಿ ಎಬ್ಬಿಸಿ, ಡ್ರೈವರ್‌ಗಳಿರುವ ಫೋಲ್ಡರ್‌ಗೆ ಹೋಗಿ, 291 ಎಂಬ ಸಂಖ್ಯೆಯ ಆ ಒಂದು ಬಗೆಯ ಕಡತವನ್ನು ಅಳಿಸಿ, ಮತ್ತೆ ಚಾಲೂ ಮಾಡುವುದು. ಅಷ್ಟೇ. ಒಂದು ಕಡತ ಹೋದ ಕೂಡಲೇ ಯಂತ್ರ ಎಂದಿನಂತೆ ಎದ್ದಿತು, ಒಳಗಿನ ದಾಖಲೆಗಳು ಒಂದೂ ಅಲುಗಾಡಿರಲಿಲ್ಲ. ಹಾಗಿದ್ದರೂ ಕೆಲವೆಡೆ ದಿನಗಟ್ಟಲೆ ತಡವಾದದ್ದಕ್ಕೆ ಎರಡು ಕಾರಣಗಳಿದ್ದವು. ಏಳದ ಯಂತ್ರವನ್ನು ದೂರದಿಂದ ಸರಿಪಡಿಸಲು ಬಾರದು, ಪ್ರತಿಯೊಂದರ ಮುಂದೆ ಮನುಷ್ಯ ಹೋಗಿ ಕೂರಬೇಕು. ಮತ್ತೆ, ಡಿಸ್ಕಿಗೆ ಗೂಢಲಿಪಿಯ ಬೀಗವಿದ್ದರೆ ಅದರ ಕೀ ಬೇಕು. ಆ ಕೀ ಎಲ್ಲಿದೆ ಎಂದು ಹಲವು ಕಚೇರಿಗಳಲ್ಲಿ ಗೊತ್ತಿರಲಿಲ್ಲ. ವಾಡಿಯ ಸಾರಿಗೆ ಕಚೇರಿಗೂ ಚಿಂಚೋಳಿಯ ಜೆರಾಕ್ಸ್ ಅಂಗಡಿಗೂ ಕ್ರೌಡ್‌ಸ್ಟ್ರೈಕ್ ಸಂಬಂಧವಿಲ್ಲದಿರಬಹುದು, ಅದು ದೊಡ್ಡ ಸಂಸ್ಥೆಗಳು ದುಡ್ಡು ಕೊಟ್ಟು ಹಾಕಿಸಿಕೊಳ್ಳುವ ತಂತ್ರಾಂಶ. ಆದರೆ ಹತ್ತಿರದಲ್ಲಿ ಕೈ ಇರಬೇಕು, ಕೀ ಇರಬೇಕು ಎಂಬ ಎರಡು ಮಾತು ಇಲ್ಲಿಗೂ ಹಾಗೆಯೇ ಸಲ್ಲುತ್ತವೆ.

ಅಪ್‌ಡೇಟೇ ಕಾರಣವೇ?

ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತಾರೆ. ಅಪ್‌ಡೇಟ್ ಆದ ಮೇಲೆ ಕೆಟ್ಟದ್ದೆಲ್ಲ ಅಪ್‌ಡೇಟಿನಿಂದಲೇ ಕೆಟ್ಟದ್ದಲ್ಲ. ನಮ್ಮ ಭಾಗದ ಎಷ್ಟೋ ಕಂಪ್ಯೂಟರುಗಳು ದಿನಗಟ್ಟಲೆ ಪೂರ್ತಿ ಬಂದಾಗುವುದೇ ಇಲ್ಲ, ನಿದ್ದೆಯ ಸ್ಥಿತಿಗೆ ಹೋಗಿ ಏಳುತ್ತಿರುತ್ತವೆ. ಡಿಸ್ಕಿನ ಒಂದು ಮೂಲೆ ಸವೆದಿದ್ದರೂ, ರ‍್ಯಾಮ್ ಸಡಿಲವಾಗಿದ್ದರೂ ಆ ತನಕ ತಿಳಿಯುವುದಿಲ್ಲ. ಅಪ್‌ಡೇಟ್ ಯಂತ್ರವನ್ನು ಪೂರ್ತಿ ಮಲಗಿಸಿ ಎಬ್ಬಿಸುತ್ತದೆ, ಡಿಸ್ಕಿಗೆ ಒಮ್ಮೆಲೇ ಭಾರೀ ಕೆಲಸ ಕೊಡುತ್ತದೆ. ಮೊದಲೇ ಇದ್ದ ರೋಗ ಆಗ ಹೊರಬೀಳುತ್ತದೆ. ಹಳೆಯ ಡೆಸ್ಕ್‌ಟಾಪ್‌ಗಳ ಮದರ್‌ಬೋರ್ಡಿನಲ್ಲಿರುವ ನಾಣ್ಯದಾಕಾರದ ಬ್ಯಾಟರಿ ಸತ್ತಿದ್ದರೂ ಹೀಗೆಯೇ ಆಗುತ್ತದೆ: ಕರೆಂಟ್ ತೆಗೆದು ಹಾಕಿದ ಕೂಡಲೇ ಬಯಾಸ್ ತನ್ನ ಹೊಂದಿಕೆಗಳನ್ನು ಮರೆಯುತ್ತದೆ, ತಾರೀಖು ಹಿಂದಿನ ಯಾವುದೋ ವರ್ಷಕ್ಕೆ ಹೋಗುತ್ತದೆ, ಡಿಸ್ಕನ್ನು ಓದುವ ಬಗೆ ಬದಲಾಗಿ ವಿಂಡೋಸ್ ಏಳುವುದಿಲ್ಲ. ಅತ್ಯಂತ ಅಗ್ಗದ ಆ ಬ್ಯಾಟರಿ ಬದಲಿಸಿ ಹೊಂದಿಕೆ ಸರಿಮಾಡಿದರೆ ಮುಗಿಯುವ ಕೆಲಸಕ್ಕೆ ವಿಂಡೋಸ್ ಹೊಸದಾಗಿ ಹಾಕಿಸಿಕೊಂಡು ದುಡ್ಡು ತೆತ್ತವರು ಕಡಿಮೆಯೇನಿಲ್ಲ.

ಊರಿನ ಗುಣವನ್ನೂ ಲೆಕ್ಕಕ್ಕೆ ಹಿಡಿಯಬೇಕು. ವಾಡಿ, ಸೇಡಂ, ಮಳಖೇಡಗಳ ಸುತ್ತ ಸಿಮೆಂಟ್ ಕಾರ್ಖಾನೆಗಳಿವೆ, ಶಹಾಬಾದ್ ಮತ್ತು ಚಿತ್ತಾಪುರ ಕಡೆ ಪರ್ಸಿ ಕಲ್ಲಿನ ಗಣಿ ಹಾಗೂ ಪಾಲಿಶ್ ಘಟಕಗಳಿವೆ. ಈ ನುಣ್ಣನೆಯ ಧೂಳು ಕಂಪ್ಯೂಟರಿನ ಫ್ಯಾನಿನ ಅಲಗಿಗೆ, ಶಾಖ ಇಳಿಸುವ ಲೋಹದ ಸಂದುಗಳಿಗೆ ಪದರ ಪದರವಾಗಿ ಅಂಟುತ್ತದೆ. ಬೇಸಿಗೆಯಲ್ಲಿ ಹೊರಗಿನ ಬಿಸಿಲೇ 40 ಡಿಗ್ರಿ ದಾಟುವ ಜಿಲ್ಲೆಯಿದು. ಅಪ್‌ಡೇಟಿನ ಹೊತ್ತಿಗೆ ಪ್ರೊಸೆಸರ್ ಹೆಚ್ಚು ದುಡಿದು ಹೆಚ್ಚು ಕಾಯುತ್ತದೆ, ಮಿತಿ ದಾಟಿದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ಆಫ್ ಆಗುತ್ತದೆ. ಅದು ಕಡತಗಳ ಅದಲುಬದಲಿನ ನಟ್ಟನಡುವೆ ಆದರೆ ಫಲಿತಾಂಶ ಕರೆಂಟ್ ಹೋದಂತೆಯೇ. ಇನ್ನು ಕರೆಂಟಿನ ಮಾತು ಹೇಳಬೇಕಿಲ್ಲ. ಮಳೆ–ಗಾಳಿಗೆ ಲೈನ್ ಹೋಗುವ ಊರುಗಳಲ್ಲಿ ಡೆಸ್ಕ್‌ಟಾಪಿಗೆ ಯುಪಿಎಸ್ ಇದ್ದರೂ ಅದರ ಬ್ಯಾಟರಿ ವರ್ಷಗಳಿಂದ ಬದಲಾಗಿರುವುದಿಲ್ಲ, ಎರಡು ನಿಮಿಷಕ್ಕೇ ಕೈಬಿಡುತ್ತದೆ. ಅಮೆರಿಕದ ರೆಡ್ಮಂಡ್ ಕಚೇರಿಯಲ್ಲಿ ಕುಳಿತು ಅಪ್‌ಡೇಟ್ ರೂಪಿಸುವವರ ಕಣ್ಣ ಮುಂದೆ ಈ ಧೂಳು, ಈ ಬಿಸಿಲು, ಈ ಲೈನ್ ಇರುವುದಿಲ್ಲ. ನಮ್ಮ ಎಚ್ಚರವನ್ನು ನಾವೇ ವಹಿಸಬೇಕು.

ಇನ್ನೊಂದು ಬಗೆಯ ತೊಂದರೆ ಇತ್ತೀಚಿನದು. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಸೇರಿದಂತೆ ಹಲವು ಷರತ್ತುಗಳಿವೆ. ಷರತ್ತು ತಪ್ಪಿಸಿ ಹಳೆಯ ಯಂತ್ರಕ್ಕೂ 11ನ್ನು ಕೂರಿಸುವ ದಾರಿಗಳಿವೆ, ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಮಾರುವ ಕಡೆ ಅದು ನಡೆಯುತ್ತದೆ ಕೂಡ. ಆದರೆ 2024ರಲ್ಲಿ ಬಂದ 24ಎಚ್2 ಆವೃತ್ತಿಗೆ ಪ್ರೊಸೆಸರಿನಲ್ಲೇ ಕೆಲವು ಆದೇಶಗಳ ಅರಿವು ಇರಬೇಕು. ಕೋರ್ 2 ಡ್ಯುಯೋ ಕಾಲದ ಪ್ರೊಸೆಸರುಗಳಿಗೆ ಅದಿಲ್ಲ. ಅಂಥ ಯಂತ್ರ ಆ ಆವೃತ್ತಿಗೆ ಹೋದರೆ ಏಳುವುದೇ ಇಲ್ಲ, ಎಷ್ಟು ಸಲ ಫಾರ್ಮ್ಯಾಟ್ ಮಾಡಿ ಅದನ್ನೇ ಹಾಕಿದರೂ ಏಳುವುದಿಲ್ಲ. ಕಾರಣ ತಿಳಿಯದೆ ಮಾಡಿದ ಫಾರ್ಮ್ಯಾಟ್ ಡೇಟಾವನ್ನೂ ಕಳೆಯಿತು, ಯಂತ್ರವನ್ನೂ ಎಬ್ಬಿಸಲಿಲ್ಲ.

ಎಲ್ಲಿ ನಿಂತಿದೆ ಎಂದು ನೋಡುವುದು

ಹಾಗಾದರೆ ಮೊದಲು ಮಾಡಬೇಕಾದ್ದೇನು? ಸರಪಳಿಯ ಯಾವ ಕೊಂಡಿಯಲ್ಲಿ ನಿಂತಿದೆ ಎಂದು ನೋಡುವುದು. ಗುಂಡಿ ಒತ್ತಿದರೆ ಫ್ಯಾನೂ ತಿರುಗದಿದ್ದರೆ ಅಪ್‌ಡೇಟಿಗೂ ಅದಕ್ಕೂ ಸಂಬಂಧ ಹುಡುಕಬೇಕಿಲ್ಲ, ಅದು ಕರೆಂಟಿನ ಅಥವಾ ಪವರ್ ಸಪ್ಲೈನ ವಿಷಯ. ಫ್ಯಾನ್ ತಿರುಗಿ ಕಂಪನಿಯ ಗುರುತೂ ಬರದಿದ್ದರೆ ರ‍್ಯಾಮ್, ಮದರ್‌ಬೋರ್ಡ್ ಕಡೆ ನೋಡಬೇಕು. ಗುರುತು ಬಂದು ‘ಬೂಟ್ ಡಿವೈಸ್ ಸಿಗುತ್ತಿಲ್ಲ’ ಎಂಬ ಅರ್ಥದ ಸಾಲು ಬಂದರೆ ಡಿಸ್ಕ್ ಸಡಿಲವಾಗಿದೆ, ಸತ್ತಿದೆ, ಅಥವಾ ಯಂತ್ರ ಬೇರೆಲ್ಲೋ ಹುಡುಕುತ್ತಿದೆ. ಎಷ್ಟೋ ಸಲ ಹಿಂದಿನ ದಿನ ಚುಚ್ಚಿ ಮರೆತ ಪೆನ್‌ಡ್ರೈವಿನಲ್ಲಿ ವಿಂಡೋಸ್ ಹುಡುಕುತ್ತ ಕುಳಿತಿರುತ್ತದೆ. ಆದ್ದರಿಂದ ಕೀಬೋರ್ಡ್, ಮೌಸ್ ಬಿಟ್ಟು ಪ್ರಿಂಟರ್, ಬೆರಳಚ್ಚು ಯಂತ್ರ, ಪೆನ್‌ಡ್ರೈವ್, ಡಾಂಗಲ್ ಎಲ್ಲ ಕಿತ್ತು ಒಮ್ಮೆ ನೋಡುವುದು ಖರ್ಚಿಲ್ಲದ ಮೊದಲ ಪರೀಕ್ಷೆ. ಚುಕ್ಕೆಗಳು ಸುತ್ತಿದ ಮೇಲೆ ನಿಂತರೆ ಅಥವಾ ಸಂದೇಶದ ಪರದೆ ಬಂದರೆ ಮಾತ್ರ ಅಪ್‌ಡೇಟಿನ ಮೇಲೆ ಅನುಮಾನಕ್ಕೆ ಬಲ ಬರುತ್ತದೆ. ಆ ಪರದೆಯ ಫೋಟೊವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಬೇಕು. 2025ರಿಂದ ವಿಂಡೋಸ್ 11ರಲ್ಲಿ ಆ ನೀಲಿ ಪರದೆ ಕಪ್ಪಾಗಿದೆ, ಆದರೆ ಕೆಳಗಿನ ಕೋಡ್ ಇದ್ದೇ ಇರುತ್ತದೆ. ರಿಪೇರಿಯವರಿಗೆ ‘ಬಂದ್ ಬಿದ್ದದ’ ಎನ್ನುವುದಕ್ಕಿಂತ ಆ ಒಂದು ಸಾಲು ನೂರು ಪಟ್ಟು ಉಪಯೋಗ.

ವಿಂಡೋಸ್ ಸತತವಾಗಿ ಎರಡು–ಮೂರು ಸಲ ಏಳಲು ಸೋತರೆ ತಾನೇ ರಿಕವರಿ ಎಂಬ ಬೇರೊಂದು ಪುಟ್ಟ ವ್ಯವಸ್ಥೆಗೆ ಹೋಗುತ್ತದೆ. ಅದರಲ್ಲಿ ‘ಟ್ರಬಲ್‌ಶೂಟ್’, ಅದರೊಳಗೆ ‘ಅಡ್ವಾನ್ಸ್ಡ್ ಆಪ್ಷನ್ಸ್’. ಇಲ್ಲಿಯ ಕ್ರಮ ಮುಖ್ಯ. ಮೊದಲು ‘ಸ್ಟಾರ್ಟಪ್ ರಿಪೇರ್’: ಬೂಟ್ ಕಡತಗಳು ಕೆಟ್ಟಿದ್ದರೆ ತಾನೇ ಕಟ್ಟಿಕೊಡುತ್ತದೆ. ಆಗದಿದ್ದರೆ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’: ಕೊನೆಗೆ ಬಂದ ಮಾಸಿಕ ಅಪ್‌ಡೇಟನ್ನಷ್ಟೇ ಕಿತ್ತುಹಾಕುತ್ತದೆ, ಆವೃತ್ತಿಯೇ ಬದಲಾಗಿದ್ದರೆ 10 ದಿನದೊಳಗೆ ಹಳೆಯದಕ್ಕೆ ಮರಳಬಹುದು. ನಂತರ ‘ಸಿಸ್ಟಂ ರಿಸ್ಟೋರ್’, ಅದನ್ನು ಮೊದಲೇ ಆನ್ ಮಾಡಿಟ್ಟಿದ್ದರೆ. ನಂತರ ‘ಸೇಫ್ ಮೋಡ್’: ಅಗತ್ಯವಾದ ಡ್ರೈವರ್‌ಗಳನ್ನಷ್ಟೇ ಏರಿಸಿಕೊಂಡು ಏಳುವ ಸ್ಥಿತಿ. ಅದರಲ್ಲಿ ಎದ್ದರೆ ತಪ್ಪು ಡ್ರೈವರಿನದೋ ಆಂಟಿವೈರಸ್‌ನದೋ ಎಂದು ಬಹುತೇಕ ಗೊತ್ತಾಯಿತು, ಅದನ್ನು ತೆಗೆದುಹಾಕಬಹುದು, ಆ ನೆಪದಲ್ಲಿ ಮುಖ್ಯ ಕಡತಗಳ ನಕಲನ್ನೂ ಪೆನ್‌ಡ್ರೈವಿಗೆ ಇಳಿಸಿಕೊಳ್ಳಬಹುದು. ಈ ನಾಲ್ಕರಲ್ಲಿ ಯಾವುದೂ ನಿಮ್ಮ ದಾಖಲೆಗಳನ್ನು ಮುಟ್ಟುವುದಿಲ್ಲ.

ರಿಕವರಿಯೇ ಕೆಟ್ಟರೆ ಎಂದು ಕೇಳಬಹುದು. ಕೆಟ್ಟದ್ದೂ ಉಂಟು. 2025ರ ಅಕ್ಟೋಬರಿನ ವಿಂಡೋಸ್ 11 ಅಪ್‌ಡೇಟ್ ಆದ ಮೇಲೆ ರಿಕವರಿಯೊಳಗೆ ಯುಎಸ್‌ಬಿ ಕೀಬೋರ್ಡ್, ಮೌಸ್ ಕೆಲಸ ಮಾಡದೆ ಹೋದವು. ಪರದೆ ಬಂದರೂ ಒತ್ತಲು ದಾರಿಯಿಲ್ಲ. ಮೈಕ್ರೋಸಾಫ್ಟ್ ಒಂದು ವಾರದೊಳಗೆ ತುರ್ತು ಪರಿಹಾರ ಕಳಿಸಿತು. ಅಂಥ ಹೊತ್ತಿಗೆ ಬೇರೆ ಕಂಪ್ಯೂಟರಿನಲ್ಲಿ ಮಾಡಿಟ್ಟ ವಿಂಡೋಸ್ ಪೆನ್‌ಡ್ರೈವ್ ಬೇಕು. ಅದರಿಂದ ಎಬ್ಬಿಸಿದಾಗ ‘ಇನ್‌ಸ್ಟಾಲ್’ ಒತ್ತದೆ ‘ರಿಪೇರ್’ ಆಯ್ದುಕೊಂಡರೆ ಮೇಲೆ ಹೇಳಿದ ಮೆಟ್ಟಿಲುಗಳೇ ಸಿಗುತ್ತವೆ. ಅದೂ ಆಗದಿದ್ದರೆ ಪೆನ್‌ಡ್ರೈವಿನಿಂದಲೇ ಓಡುವ ಉಬುಂಟುವಿನಂಥ ಲಿನಕ್ಸ್ ಹಾಕಿ ಕಡತಗಳನ್ನು ಹೊರತೆಗೆಯಬಹುದು, ಅಥವಾ ಡಿಸ್ಕ್ ಬಿಚ್ಚಿ ಮತ್ತೊಂದು ಕಂಪ್ಯೂಟರಿಗೆ ಜೋಡಿಸಬಹುದು. ಡಿಸ್ಕಿಗೆ ಬೀಗ ಬಿದ್ದಿರದಿದ್ದರೆ ಮಾತ್ರ.

48 ಅಂಕಿಗಳ ಕೀ

ಆ ಬೀಗದ ಹೆಸರು ಬಿಟ್‌ಲಾಕರ್. ಇದನ್ನು ತಿಳಿಯದೆ ಕಂಪ್ಯೂಟರ್ ರಿಪೇರಿಗೆ ಕೈಹಾಕುವುದು ಈಗ ಅಪಾಯಕಾರಿ. ವಿಂಡೋಸ್ 11 ಇರುವ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕ ಕೂಡಲೇ ಡಿಸ್ಕ್ ತಾನಾಗಿ ಗೂಢಲಿಪಿಗೆ ತಿರುಗುವುದು ಸಾಮಾನ್ಯವಾಗಿದೆ. ಲ್ಯಾಪ್‌ಟಾಪ್ ಕಳುವಾದರೆ ಕಳ್ಳನಿಗೆ ಒಳಗಿನದ್ದು ಸಿಗಬಾರದು ಎಂಬುದು ಉದ್ದೇಶ, ಒಳ್ಳೆಯ ಉದ್ದೇಶವೇ. ದಿನನಿತ್ಯ ಟಿಪಿಎಂ ಚಿಪ್ ತಾನೇ ಬೀಗ ತೆರೆಯುವುದರಿಂದ ಮಾಲೀಕನಿಗೆ ಬೀಗವಿದೆ ಎಂಬುದೇ ಗೊತ್ತಿರುವುದಿಲ್ಲ. ಬಯಾಸ್‌ನಲ್ಲಿ ಏನಾದರೂ ಬದಲಾದರೆ, ಬೂಟ್ ಕಡತಗಳು ಅನುಮಾನ ಹುಟ್ಟಿಸಿದರೆ, ಕೆಲವೊಮ್ಮೆ ಒಂದು ಅಪ್‌ಡೇಟ್ ಆದ ಮೇಲೆ, ಚಿಪ್ ತೆರೆಯಲು ಒಪ್ಪದೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. 2025ರ ಮೇ ತಿಂಗಳಲ್ಲಿ ವಿಂಡೋಸ್ 10ರ ಕೆಲವು ಕಂಪ್ಯೂಟರುಗಳಲ್ಲಿ ಅಪ್‌ಡೇಟ್ ನಂತರ ಹೀಗಾಗಿ ಮೈಕ್ರೋಸಾಫ್ಟ್ ತುರ್ತು ತಿದ್ದುಪಡಿ ಬಿಡಬೇಕಾಯಿತು.

ಹೀಗಿರುವಾಗ ಯಂತ್ರ ಏಳಲಿಲ್ಲವೆಂದು ಮೊದಲೇ ಬಯಾಸ್‌ಗೆ ಹೋಗಿ ಸೆಕ್ಯೂರ್ ಬೂಟ್ ಆಫ್ ಮಾಡುವುದು, ಟಿಪಿಎಂ ಅಳಿಸುವುದು ಬಾಗಿಲಿಗೆ ಇನ್ನೊಂದು ಬೀಗ ಜಡಿದಂತೆ. ಕೀ ಸಾಮಾನ್ಯವಾಗಿ ಮಾಲೀಕನ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ; ಯಾವ ಮೊಬೈಲಿನಿಂದಲಾದರೂ ಆ ಖಾತೆಗೆ ಹೋಗಿ ಓದಿಕೊಳ್ಳಬಹುದು. ತೊಡಕು ಎಲ್ಲಿ ಎಂದರೆ, ಲ್ಯಾಪ್‌ಟಾಪ್ ಕೊಂಡ ದಿನ ಅಂಗಡಿಯ ಹುಡುಗನೇ ಯಾವುದೋ ಇಮೇಲ್ ಹಾಕಿ ಖಾತೆ ತೆರೆದು ಕೊಟ್ಟಿರುತ್ತಾನೆ. ಆ ಇಮೇಲ್ ಯಾವುದು, ಪಾಸ್‌ವರ್ಡ್ ಏನು ಎಂದು ಮಾಲೀಕನಿಗೆ ತಿಳಿಯದು. ಕೀ ಇಲ್ಲದಿದ್ದರೆ ಮೈಕ್ರೋಸಾಫ್ಟ್ ಕೂಡ ತೆರೆದುಕೊಡಲಾರದು. ಫಾರ್ಮ್ಯಾಟನ್ನು ವಿರೋಧಿಸುವ ಈ ಲೇಖನವೂ ಆ ಹಂತದಲ್ಲಿ ಫಾರ್ಮ್ಯಾಟ್ ಬಿಟ್ಟು ಬೇರೆ ದಾರಿ ತೋರಿಸಲಾರದು.

ಫಾರ್ಮ್ಯಾಟ್ ಒಯ್ಯುವುದೇನು

‘ಎಲ್ಲವೂ ಸರ್ವರ್‌ನಲ್ಲೇ ಇರುವಾಗ ಫಾರ್ಮ್ಯಾಟ್ ಮಾಡಿದರೇನು?’ ಎಂಬ ಪ್ರಶ್ನೆಯಲ್ಲಿ ಅರ್ಧ ಸತ್ಯವಿದೆ. ತಹಶೀಲ್ದಾರ್ ಕಚೇರಿಯ ಕಂಪ್ಯೂಟರ್ ಕೆಟ್ಟರೆ ಚಿತ್ತಾಪುರದ ರೈತನ ಪಹಣಿ ಅಳಿಯುವುದಿಲ್ಲ, ಅದು ಭೂಮಿ ವ್ಯವಸ್ಥೆಯ ಕೇಂದ್ರ ಸರ್ವರ್‌ನಲ್ಲಿದೆ. ಅಟಲ್‌ಜೀ ಜನಸ್ನೇಹಿ ಕೇಂದ್ರದ ಜಾತಿ ಪ್ರಮಾಣಪತ್ರವೂ ಹಾಗೆಯೇ. ಆದರೆ ಶಹಾಬಾದಿನ ಪಾಲಿಶ್ ಘಟಕದ ಟ್ಯಾಲಿ ಲೆಕ್ಕ, ಸೇಡಂನ ಬೇಳೆ ಮಿಲ್ಲಿನ ಖರೀದಿ ಪಟ್ಟಿ, ಶಾಲೆಯ ಹಾಜರಾತಿ, ಫೋಟೊ ಸ್ಟುಡಿಯೊದ ಮದುವೆ ಚಿತ್ರಗಳು, ವಕೀಲರ ಗುಮಾಸ್ತ ಟೈಪ್ ಮಾಡಿಟ್ಟ ದಾವೆಗಳು ಯಾವ ಸರ್ವರ್‌ನಲ್ಲೂ ಇಲ್ಲ. ಅವು ಡೆಸ್ಕ್‌ಟಾಪಿನ ಮೇಲೋ ಡಾಕ್ಯುಮೆಂಟ್ಸ್‌ನಲ್ಲೋ ಇರುತ್ತವೆ, ಎರಡೂ ಸಿ ಡ್ರೈವಿನಲ್ಲಿ, ಅಂದರೆ ಫಾರ್ಮ್ಯಾಟಿಗೆ ಮೊದಲು ತುತ್ತಾಗುವ ಜಾಗದಲ್ಲಿ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಅಳಿಸಿದ್ದನ್ನು ಸ್ವಲ್ಪಮಟ್ಟಿಗಾದರೂ ಮರಳಿ ಹುಡುಕಲು ಸಾಧ್ಯವಿತ್ತು. ಈಗಿನ ಎಸ್‌ಎಸ್‌ಡಿಗಳು ಫಾರ್ಮ್ಯಾಟ್ ಆದ ಕೂಡಲೇ ಖಾಲಿಯಾದ ಜಾಗವನ್ನು ಒಳಗಿಂದೊಳಗೇ ಒರೆಸಿಬಿಡುತ್ತವೆ. ಆಮೇಲೆ ಹೈದರಾಬಾದಿಗೆ ಹೊತ್ತೊಯ್ದರೂ ಬಹುತೇಕ ಏನೂ ಸಿಗದು.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ನಷ್ಟವಿದೆ. ಕನ್ನಡ ಗಣಕ ಪರಿಷತ್ತು ರೂಪಿಸಿ ಸರ್ಕಾರ ಉಚಿತವಾಗಿ ಕೊಟ್ಟ ‘ನುಡಿ’ಯಲ್ಲಿ, ‘ಬರಹ’ದಲ್ಲಿ ಟೈಪ್ ಮಾಡಿದ ಹಳೆಯ ಕಡತಗಳು ನಮ್ಮ ಡಿಟಿಪಿ ಅಂಗಡಿಗಳಲ್ಲಿ, ಪಂಚಾಯಿತಿಗಳಲ್ಲಿ ರಾಶಿ ಇವೆ. ಅವುಗಳಲ್ಲಿ ಬಹಳಷ್ಟು ಯೂನಿಕೋಡ್ ಬರುವ ಮೊದಲಿನ ಪದ್ಧತಿಯವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಕಡತ ಉಳಿದರೂ ಓದಲು ಬಾರದು. ಫಾರ್ಮ್ಯಾಟ್ ಆದ ಮೇಲೆ ನುಡಿ ಮತ್ತೆ ಹಾಕಬೇಕು, ಹೊರಗಿನಿಂದ ತಂದ ಫಾಂಟ್‌ಗಳನ್ನು ಮತ್ತೆ ಹುಡುಕಬೇಕು, ಬೆರಳಚ್ಚು ಯಂತ್ರದ ಡ್ರೈವರ್, ಡಿಜಿಟಲ್ ಸಹಿಯ ಟೋಕನ್ನಿನ ತಂತ್ರಾಂಶ, ಪ್ರಿಂಟರ್, ಸ್ಕ್ಯಾನರ್ ಎಲ್ಲವನ್ನೂ ಒಂದೊಂದಾಗಿ ಕೂರಿಸಬೇಕು. ‘ಫಾರ್ಮ್ಯಾಟ್ ಮಾಡಿದರೆ ಒಂದು ತಾಸಿನಲ್ಲಿ ಮುಗೀತದ, ಹುಡುಕ್ತಾ ಕೂತರೆ ದಿನ ಹೋಗ್ತದ’ ಎಂಬ ವಾದಕ್ಕೆ ಉತ್ತರ ಇಲ್ಲೇ ಇದೆ. ವಿಂಡೋಸ್ ಏಳುವುದು ಒಂದು ತಾಸಿಗೆ, ಅಂಗಡಿ ಏಳುವುದು ಎರಡು–ಮೂರು ದಿನಕ್ಕೆ. ರಿಪೇರಿಯವರ ಕಷ್ಟವೂ ನಿಜವೇ: ಚಿಂಚೋಳಿಗೆ ರೈಲಿಲ್ಲ, ಒಬ್ಬನೇ ಹುಡುಗ ಹತ್ತು ಹಳ್ಳಿ ಸುತ್ತಬೇಕು, ಕಾರಣ ಹುಡುಕಿದ್ದಕ್ಕೆ ಗಿರಾಕಿ ದುಡ್ಡು ಕೊಡುವುದಿಲ್ಲ, ವಿಂಡೋಸ್ ಹಾಕಿದರೆ ಕೊಡುತ್ತಾನೆ. ತಪ್ಪು ಗಿರಾಕಿಯದೂ ಹೌದು. ಹುಡುಕುವ ಕೆಲಸಕ್ಕೂ ಕೂಲಿ ಕೊಡಲು ನಾವು ಕಲಿಯಬೇಕು.

ಹಾಗಾದರೆ ಅಪ್‌ಡೇಟೇ ಬೇಡವೇ?

ಇಷ್ಟೆಲ್ಲ ಓದಿದವರಿಗೆ ಅಪ್‌ಡೇಟ್ ಪೂರ್ತಿ ಬಂದ್ ಮಾಡಿಬಿಡುವುದೇ ಲೇಸು ಎನಿಸಬಹುದು. ಅದಕ್ಕೆ 2017 ಉತ್ತರ ಕೊಟ್ಟಿದೆ. ಆ ವರ್ಷ ಮಾರ್ಚ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್‌ನ ಒಂದು ದೊಡ್ಡ ಕಿಂಡಿಯನ್ನು ಮುಚ್ಚುವ ಅಪ್‌ಡೇಟ್ ಕೊಟ್ಟಿತು. ಮೇ 12ರಂದು ಅದೇ ಕಿಂಡಿಯಿಂದ ವನ್ನಾಕ್ರೈ ಎಂಬ ಕುತಂತ್ರಾಂಶ ನುಗ್ಗಿ ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಕಡತಗಳಿಗೆ ಬೀಗ ಹಾಕಿ ಒತ್ತೆಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ಹಿಂದಕ್ಕೆ ಕಳಿಸಿದವು. ನೆರೆಯ ಆಂಧ್ರಪ್ರದೇಶದ ಪೊಲೀಸ್ ಇಲಾಖೆಯ ಕೆಲವು ಕಂಪ್ಯೂಟರುಗಳೂ ಸಿಕ್ಕಿಕೊಂಡವು. ಎರಡು ತಿಂಗಳು ಮೊದಲೇ ಬಂದಿದ್ದ ಅಪ್‌ಡೇಟ್ ಹಾಕಿಕೊಂಡಿದ್ದವರು ಬಚಾವಾದರು. ಜನರ ಆಧಾರ್ ಸಂಖ್ಯೆ, ಬ್ಯಾಂಕ್ ಪಾಸ್‌ಬುಕ್ಕಿನ ಸ್ಕ್ಯಾನ್ ತುಂಬಿಕೊಂಡ ಕಂಪ್ಯೂಟರುಗಳು ನಮ್ಮ ಸೆಂಟರುಗಳಲ್ಲಿವೆ. ಅವನ್ನು ಕಿಂಡಿ ತೆರೆದಿಟ್ಟು ಓಡಿಸುವ ಹಕ್ಕು ಯಾರಿಗೂ ಇಲ್ಲ.

ಬೇಕಿರುವುದು ಹೊತ್ತು ನೋಡಿ ಹಾಕಿಕೊಳ್ಳುವುದು. ಮೈಕ್ರೋಸಾಫ್ಟ್ ತನ್ನ ಮುಖ್ಯ ಅಪ್‌ಡೇಟನ್ನು ಪ್ರತಿ ತಿಂಗಳ ಎರಡನೇ ಮಂಗಳವಾರ ಬಿಡುತ್ತದೆ, ನಮಗೆ ಅದು ಆ ರಾತ್ರಿ ಅಥವಾ ಬುಧವಾರ ತಲುಪುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಒಂದು ವಾರದಿಂದ ಐದು ವಾರದವರೆಗೆ ಅಪ್‌ಡೇಟ್ ತಡೆಹಿಡಿಯಬಹುದು. ಒಂದು ವಾರ ತಡೆದರೆ ಸಾಕು, ದೊಡ್ಡ ದೋಷವಿದ್ದರೆ ಅಷ್ಟರಲ್ಲಿ ಬೇರೆಡೆ ಹೊರಬಿದ್ದಿರುತ್ತದೆ. ಆಮೇಲೆ ಕೊನೆಯ ದಿನಾಂಕದ ಒತ್ತಡವಿಲ್ಲದ ದಿನ, ಮಳೆ–ಗಾಳಿ ಇಲ್ಲದ ಹೊತ್ತು, ಮುಖ್ಯ ಕಡತಗಳ ನಕಲು ಹೊರಗಿನ ಡಿಸ್ಕಿಗೆ ಇಳಿಸಿ, ಲ್ಯಾಪ್‌ಟಾಪಾದರೆ ಚಾರ್ಜಿಗೆ ಹಾಕಿ, ಡೆಸ್ಕ್‌ಟಾಪಾದರೆ ಯುಪಿಎಸ್ ಬ್ಯಾಟರಿ ನಿಲ್ಲುತ್ತದೆಯೇ ಎಂದು ಪರೀಕ್ಷಿಸಿ ಅಪ್‌ಡೇಟಿಗೆ ಬಿಡಬೇಕು. ರಾತ್ರಿ ಅಂಗಡಿ ಮುಚ್ಚುತ್ತ ಗುಂಡಿ ಒತ್ತಿ ಮೇನ್ ಸ್ವಿಚ್ ತೆಗೆದು ಹೋಗುವ ಅಭ್ಯಾಸವಂತೂ ಇಂದಿಗೇ ನಿಲ್ಲಬೇಕು. ಧೂಳಿನ ಊರುಗಳಲ್ಲಿ ವರ್ಷಕ್ಕೆ ಎರಡು ಸಲವಾದರೂ ಕಂಪ್ಯೂಟರ್ ಬಿಚ್ಚಿ ಬ್ಲೋವರ್ ಹೊಡೆಸಬೇಕು.

ಗ್ರಾಮ ಪಂಚಾಯಿತಿ, ಶಾಲೆ, ಸಹಕಾರ ಸಂಘಗಳ ಕಂಪ್ಯೂಟರುಗಳಿಗೆ ಮಾಲೀಕ ಒಬ್ಬನಲ್ಲ, ಅಧಿಕಾರಿ ವರ್ಗವಾಗಿ ಹೋಗುತ್ತಾರೆ, ಪಾಸ್‌ವರ್ಡ್ ಅವರೊಂದಿಗೇ ಹೋಗುತ್ತದೆ. ಅಲ್ಲಿ ಒಂದು ರಿಜಿಸ್ಟರ್ ಇಟ್ಟು ಪ್ರತಿ ಕಂಪ್ಯೂಟರಿನ ಖಾತೆ, ಬಿಟ್‌ಲಾಕರ್ ಕೀ, ಯುಪಿಎಸ್ ಬ್ಯಾಟರಿ ಬದಲಿಸಿದ ತಾರೀಖು ಬರೆದು ಕಪಾಟಿನಲ್ಲಿ ಭದ್ರವಾಗಿಡುವುದನ್ನು ಕಡ್ಡಾಯ ಮಾಡಬೇಕು. ತಾಲ್ಲೂಕು ಪಂಚಾಯಿತಿಗಳು ಒಂದು ಸುತ್ತೋಲೆಯಿಂದ ಇದನ್ನು ಮಾಡಿಸಬಹುದು, ಹಣವೂ ಬೇಕಿಲ್ಲ. ಡೇಟಾ ಇದೆಯೇ, ನಕಲು ಇದೆಯೇ ಎಂದು ಕೇಳದೆ, ಮಾಲೀಕನ ಒಪ್ಪಿಗೆ ಪಡೆಯದೆ ಫಾರ್ಮ್ಯಾಟ್ ಮಾಡುವುದಿಲ್ಲ ಎಂದು ರಿಪೇರಿ ಅಂಗಡಿಯವರು ತಮಗೆ ತಾವೇ ನಿಯಮ ಹಾಕಿಕೊಳ್ಳಲಿ.

ಓದುಗರು ಇವತ್ತೇ ಮಾಡಬಹುದಾದ ಕೆಲಸವೊಂದಿದೆ. ನಿಮ್ಮ ಲ್ಯಾಪ್‌ಟಾಪ್ ಇನ್ನೂ ಏಳುತ್ತಿರುವಾಗಲೇ ಅದು ಯಾವ ಇಮೇಲ್ ಖಾತೆಗೆ ಸೇರಿದೆ ಎಂದು ಸೆಟ್ಟಿಂಗ್ಸ್‌ನಲ್ಲಿ ನೋಡಿ, ಆ ಖಾತೆ ತೆರೆದು 48 ಅಂಕಿಗಳ ಕೀಯನ್ನು ಕಾಗದದ ಮೇಲೆ ಬರೆದು ಮನೆಯ ಆಸ್ತಿಪತ್ರಗಳ ಜೊತೆ ಇಡಿ. ಖಾತೆ ನಿಮ್ಮದಲ್ಲದಿದ್ದರೆ, ನಾಳೆಯೇ ಲ್ಯಾಪ್‌ಟಾಪ್ ಕೊಂಡ ಅಂಗಡಿಗೆ ಹೋಗಿ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.